ತಾರ್ನಾಕದ ತಾರಸಿಯ ಮೇಲೆ ಒಬ್ಬ ವ್ಯಸನಿ

ಸಿನಿಮಾದಿಂದ ನಾನು ಕಲಿತ ವಿದ್ಯೆಗಳಲ್ಲಿ ಒಂದೂ ಬದುಕಿಗೆ ಒದಗಿದ್ದಿಲ್ಲ. ಆದರೂ ನನಗೆ ಬುದ್ಧಿ ಬಂದಿಲ್ಲ. ಈ ತೆಲುಗು ಊರಿನ ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಮಾದಕ ವ್ಯಸನದ ವಿರುದ್ಧ ನಾಟಕವಾಡಲು ಹೊರಟು, ವ್ಯಸನಿಯ ಪಾತ್ರವನ್ನು ನನಗೆ ಕೊಟ್ಟರು. ಕಾರಣ ಕೇಳಿದೆ. "ನಿಮ್ಮ ಮಾರಿಗೆ ಮೇಕಪ್ ಬೇಕಾಗಂಗಿಲ್ರಿ" ಎಂದರು ಅಧ್ಯಕ್ಷರು.

ಅಭ್ಯಾಸಕ್ಕೆಂದು ಸಿನಿಮಾ ಮೇಲೆ ಸಿನಿಮಾ ನೋಡಿದೆ. ಅಲ್ಲಿ ವ್ಯಸನಿಯನ್ನು ಗುರುತಿಸುವುದು ಬಲು ಸುಲಭ. ಕೆದರಿದ ಕೂದಲು, ನೀಲಿ ಬೆಳಕು, ಮೂಲೆಯಲ್ಲಿ ಮುದುಡಿ ನಡುಕ. ಇಂಟರ್‌ವಲ್ ಹೊತ್ತಿಗೆ ಮನೆಯ ಪಾತ್ರೆಗಳೆಲ್ಲ ನೆಲಕ್ಕೆ. ಆಮೇಲೆ ತಾಯಿಯಿಂದ ಒಂದು ಕಪಾಳಮೋಕ್ಷ, ಒಂದು ಹಾಡು, ಗಡ್ಡ ಬೋಳಿಸಿಕೊಂಡರೆ ವ್ಯಸನ ಮಾಯ. ನಾನೂ ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ದಿನಾ ಸಂಜೆ ನಡುಗಿದೆ, ಕೂದಲು ಕಿತ್ತುಕೊಂಡೆ, ತಾಯಿಯ ಪಾತ್ರಧಾರಿಯ ಬದಲಿಗೆ ನಿಂತ ಹೆಂಡತಿಯ ಕಾಲು ಹಿಡಿದು "ಒಂದ ಸಲ ಕೊಡು!" ಎಂದು ಹೊರಳಾಡಿದೆ. ಒಣಗಿದ ಬಟ್ಟೆ ತೆಗೆಯುತ್ತಲೇ ಆಕೆ "ಲಗೂ ಮುಗಸ್ರಿ, ಕುಕ್ಕರ್ ಇಟ್ಟೀನಿ" ಅನ್ನುತ್ತಿದ್ದಳು.

ಪಕ್ಕದ ಫ್ಲ್ಯಾಟಿನ ಸರೋಜಮ್ಮನವರಿಗೆ ಕನ್ನಡ ಬಾರದು ಎಂಬುದನ್ನು ನಾವಿಬ್ಬರೂ ಮರೆತಿದ್ದೆವು. ಮಾತು ತಿಳಿಯದ ಅವರಿಗೆ ಕಂಡದ್ದು ನನ್ನ ಹೊರಳಾಟ ಮಾತ್ರ. ಒಂದು ದಿನ ಬಂದು ಹೆಂಡತಿಯ ಕೈ ಹಿಡಿದು, ಒಳ್ಳೆಯ ಡಾಕ್ಟರು ಗೊತ್ತು, ಅಣ್ಣಯ್ಯನನ್ನು ಕರೆದುಕೊಂಡು ಹೋಗೋಣ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದರು. ಅದು ನಾಟಕ ಎಂದು ತಿಳಿಸಿದಾಗ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅವರ ತಮ್ಮ ಇದೇ ಚಟದಿಂದ ತೀರಿಕೊಂಡಿದ್ದನಂತೆ. "ವಾಡು ಎಪ್ಪುಡೂ ಅರವಲೇದಂಡಿ" ಎಂದರು. ಅವನು ಒಮ್ಮೆಯೂ ಕೂಗಾಡಲಿಲ್ಲ. ನೀಟಾಗಿ ತಲೆ ಬಾಚಿಕೊಂಡು ಊಟಕ್ಕೆ ಬರುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ, ಇನ್ನಷ್ಟು ಅನ್ನ ಹಾಕಿಸಿಕೊಳ್ಳುತ್ತಿದ್ದ. ಕೂಗಾಡಿದ್ದರೆ ನಮಗೂ ಗೊತ್ತಾಗುತ್ತಿತ್ತಲ್ಲ, ಎಂದರು. ನನಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು.

ರಾಜ್ಯೋತ್ಸವದ ದಿನ ನಾನು ನಡುಗಲಿಲ್ಲ. ತಲೆ ಬಾಚಿಕೊಂಡು, ರಂಗದ ಮೇಲೆ ಊಟಕ್ಕೆ ಕೂತು, ನಗುತ್ತ "ಯವ್ವಾ, ಇನ್ನೊಂದ ರೊಟ್ಟಿ ಹಾಕು" ಎಂದೆ. ಇಡೀ ಸಭೆಯಲ್ಲಿ ಅತ್ತವರು ಸರೋಜಮ್ಮ ಒಬ್ಬರೇ. "ನೀವು ಆ್ಯಕ್ಟಿಂಗೇ ಮಾಡ್ಲಿಲ್ಲಲ್ರಿ!" ಎಂದು ಅಧ್ಯಕ್ಷರು ಸಿಡುಕಿದರು. "ಮನ್ಯಾಗ ದಿನಾ ಮಾಡೂದನ್ನ ಅಲ್ಲೂ ಮಾಡಿದ್ರಿ" ಎಂದಳು ಹೆಂಡತಿ. ಹಾಗೆಂದವಳು ಅಲ್ಲಿಗೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಈಗ ನಾನು ಊಟದ ಹೊತ್ತಿನಲ್ಲಿ ನಕ್ಕು ಇನ್ನೊಂದು ರೊಟ್ಟಿ ಕೇಳಿದರೆ, ಬಡಿಸುವ ಮೊದಲು ಬಗ್ಗಿ ನನ್ನ ಕಣ್ಣು ನೋಡುತ್ತಾಳೆ. ಹಾಗಾಗಿ ಎರಡನೆಯ ರೊಟ್ಟಿ ಬೇಕಾದಾಗಲೆಲ್ಲ ನಾನು ಮುಖ ಗಂಟಿಕ್ಕಿಕೊಂಡು, ಪಲ್ಯಕ್ಕೆ ಉಪ್ಪಿಲ್ಲ ಎಂದು ಕೂಗಾಡುತ್ತೇನೆ.