ದೊಡ್ಡ ಗುಡ್ಡಕ್ಕೆ ನನ್ನ ಓಟು

ಹಿಮದ ಮೇಲೆ ಜಾರುವುದಕ್ಕೆಂದು ದುಡ್ಡು ಕೊಟ್ಟು ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಮೈಸೂರಿನ ನಮ್ಮ ಬಚ್ಚಲುಮನೆಯಲ್ಲಿ ನಾನು ಎಷ್ಟೋ ಸಲ ಪುಕ್ಕಟೆಯಾಗಿ ಜಾರಿದ್ದೇನೆ. ಯಾರೂ ಅದನ್ನು ಕ್ರೀಡೆ ಎಂದು ಕರೆಯಲಿಲ್ಲ, ಅರಿಸಿನ ಹಚ್ಚಿ ಮಲಗಿಸಿದರು, ಅಷ್ಟೆ. ಹಾಗಿದ್ದೂ ಅಮೆರಿಕದ ಆಶ್‌ಬರ್ನಿನ ನಮ್ಮ ಬಳಗದಲ್ಲಿ ಯಾವ ಸ್ಕೀ ರೆಸಾರ್ಟ್ ಒಳ್ಳೆಯದು ಎಂಬ ಮಾತು ಬಂದರೆ ನಾನು ಬಾಯಿ ಹಾಕದೆ ಬಿಟ್ಟವಳಲ್ಲ. ಕಾಲಿಗೆ ಸ್ಕೀ ಕಟ್ಟಿದವಳಲ್ಲ, ನಿಜ. ಆದರೆ ಕಟ್ಟಿಕೊಂಡವರ ಬೂಟು, ಕೈಗವಸು, ಕಾರಿನ ಕೀ ಎಲ್ಲವನ್ನೂ ಕಾದುಕೊಂಡು ಕೂತವಳು. ಗುಡ್ಡದ ಯೋಗ್ಯತೆ ಕೂತವರಿಗೆ ತಿಳಿಯುವಷ್ಟು ಜಾರುವವರಿಗೆ ತಿಳಿಯುವುದಿಲ್ಲ. ಅವರಿಗೆ ಬೀಳುವುದರಲ್ಲೇ ಹೊತ್ತು ಹೋಗಿರುತ್ತದೆ.

ನನ್ನ ಓಟು ಯಾವಾಗಲೂ ಚಿಕ್ಕದಕ್ಕೆ. ಪೆನ್ಸಿಲ್ವೇನಿಯಾದ ಗಡಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಒಂದೇ ಒಂದು ಗುಡ್ಡ. ಹಿಮ ಸಾಲದಿದ್ದರೆ ಮಷೀನಿನಲ್ಲಿ ಊದಿ ಹಾಕುತ್ತಾರೆ. ಆ ಬಿಳಿಯ ಪಟ್ಟಿಯ ಎರಡೂ ಕಡೆ ಒಣಹುಲ್ಲು ಹಾಗೇ ಕಾಣುತ್ತಿರುತ್ತದೆ. ಬುಡದಲ್ಲಿ ಮರದ ಬೆಂಚುಗಳ ಒಂದು ಹಜಾರ. ಅಲ್ಲಿ ಮೈಕ್ರೋವೇವ್ ಇತ್ತು, ಮನೆಯ ಡಬ್ಬಿ ಬಿಚ್ಚಿದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ದೊಡ್ಡ ಕಿಟಕಿ ಇತ್ತು. ಅದರ ಮುಂದೆ ಕೂತರೆ ಗುಡ್ಡದ ತುದಿಯಿಂದ ಬುಡದವರೆಗೆ ಒಂದಿಂಚೂ ಬಿಡದೆ ಕಾಣುತ್ತಿತ್ತು. ನಮ್ಮ ಯಜಮಾನರ ಓಟು ದೊಡ್ಡದಕ್ಕೆ. ವೆಸ್ಟ್ ವರ್ಜೀನಿಯಾದಲ್ಲಿ, ಅರ್ಧ ದಿನ ಡ್ರೈವ್ ಮಾಡಿ ಹೋಗಬೇಕಾದ, ಇಡೀ ಬೆಟ್ಟವನ್ನೇ ಆಕ್ರಮಿಸಿಕೊಂಡ ರೆಸಾರ್ಟು. ಅವರು ಧಾರವಾಡದ ಕಡೆಯವರು. "ಈ ಸಣ್ಣ ಗುಡ್ಡದಾಗ ಏನದ? ಮ್ಯಾಲ ಒಯ್ಯೋ ಲಿಫ್ಟಿಗೆ ನಿಂತದ್ದೇ ಹೆಚ್ಚು, ಜಾರಿದ್ದು ಕಡಿಮಿ," ಎನ್ನುತ್ತಿದ್ದರು.

"ಅಷ್ಟು ದೊಡ್ಡದ್ರಲ್ಲಿ ನೀವು ಎಲ್ಲಿ ಬಿದ್ರಿ ಅಂತ ನಾನು ಹುಡುಕ್ಲಾ?" ಎಂದರೆ, "ನಾ ಬೀಳೂದು ನೋಡ್ಲಿಕ್ಕೇ ಬರ್ತೀ ಏನು ನೀ?" ಎಂದು ಕೇಳುತ್ತಿದ್ದರು. "ಅಲ್ಲ, ಏಳೋದು ನೋಡಕ್ಕೆ," ಎನ್ನುತ್ತಿದ್ದೆ. ಪ್ರತಿ ಚಳಿಗಾಲವೂ ಈ ಜಗಳ ಹೀಗೇ ನಡೆದು, "ಆತು ಬಿಡು, ಮುಂದಿನ ವರ್ಷ ದೊಡ್ಡದಕ್ಕ," ಎಂಬಲ್ಲಿಗೆ ಮುಗಿಯುತ್ತಿತ್ತು. ಕಾರು ಮತ್ತೆ ಚಿಕ್ಕದರ ಕಡೆಗೇ ಹೊರಡುತ್ತಿತ್ತು.

ಏಳುವುದನ್ನು ನೋಡಲಿಕ್ಕೆ ಎಂದದ್ದು ತಮಾಷೆಗಲ್ಲ. ಮಗಳು ನಿಧಿ ಇಲ್ಲೇ ಹುಟ್ಟಿ ಬೆಳೆದವಳು, ಹುಟ್ಟುತ್ತಲೇ ಕಲಿತವಳಂತೆ ಇಳಿದು ಬರುತ್ತಿದ್ದಳು. ಇವರು ನಲವತ್ತು ದಾಟಿದ ಮೇಲೆ ಕಲಿತವರು. ಸೇಲಿನಲ್ಲಿ ತಂದ ಹಳದಿ ಜಾಕೆಟ್ಟು ತೊಟ್ಟು, ತುದಿಯಲ್ಲಿ ನಿಂತು, ಕೈಯಲ್ಲಿದ್ದ ಕೋಲೆತ್ತಿ ಆಡಿಸುತ್ತಿದ್ದರು. ನಾನು ಕಿಟಕಿಯಿಂದ ಮೊಸರನ್ನದ ಚಮಚ ಎತ್ತಿ ಆಡಿಸುತ್ತಿದ್ದೆ. ಅಷ್ಟು ದೂರದಿಂದ ಚಮಚ ಕಾಣತ್ತಾ ಎಂದು ಕೇಳಿದರೆ, "ಕಾಣ್ತದ. ಅದರ ಮ್ಯಾಲಿನ ಉಪ್ಪಿನಕಾಯಿ ಸೈತ ಕಾಣ್ತದ," ಎನ್ನುತ್ತಿದ್ದರು. ಆಮೇಲೆ ಇಳಿಯಲು ಶುರು. ಪೈನ್ ಮರದ ತಿರುವು ಬಂತೆಂದರೆ ತಪ್ಪದೆ ಬೀಳುತ್ತಿದ್ದರು. ನನ್ನ ಚಮಚ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಅವರು ಕಾಲು ಎಲ್ಲಿ, ಕೋಲು ಎಲ್ಲಿ ಎಂದು ಹುಡುಕಿ, ಹಿಮ ಕೊಡವಿ ಎದ್ದು ನಿಂತ ಮೇಲೆಯೇ ನನಗೆ ಮುಂದಿನ ತುತ್ತು. ಒಂದು ಡಬ್ಬಿ ಮೊಸರನ್ನಕ್ಕೆ ಇಡೀ ಮಧ್ಯಾಹ್ನ ತೆಗೆದುಕೊಳ್ಳುವ ಹೆಂಗಸನ್ನು ಆ ಹಜಾರದವರು ಬೇರೆ ಕಂಡಿರಲಾರರು.

ಹೋದ ಜೂನಿನಲ್ಲಿ ಅವರು ತೀರಿಕೊಂಡರು. ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಸೀಟ್ ಬೆಲ್ಟ್ ಬಿಚ್ಚುವ ಮೊದಲೇ. ಬೆಳಗ್ಗೆ ಇಡ್ಲಿ ಗಟ್ಟಿಯಾಗಿದೆ ಎಂದು ಗೊಣಗಿಕೊಂಡು ಹೋದವರು. ಅವರು ಬಿದ್ದದ್ದನ್ನೆಲ್ಲ ಅಷ್ಟು ವರ್ಷ ಕಣ್ಣಿಟ್ಟು ಕಾದವಳಿಗೆ ಆ ದಿನದ್ದೊಂದು ಕಾಣಲಿಲ್ಲ. ಇದನ್ನೂ ನಗುನಗುತ್ತಾ ಹೇಳೋಣವೆಂದು ನೋಡಿದೆ, ಆಗಲಿಲ್ಲ. ಮುಂದಕ್ಕೆ ಹೋಗುತ್ತೇನೆ.

ಜನವರಿಯಲ್ಲಿ ನಿಧಿ ಬಂದು, "ಅಮ್ಮಾ, ಈ ವರ್ಷ ಸ್ಕೀಯಿಂಗ್ ಹೋಗ್ತೀವಾ?" ಎಂದಳು. ಹೋಗುವುದಾದರೆ ಚಿಕ್ಕದಕ್ಕೇ ಎಂದು ಬಾಯಿಪಾಠ ಒಪ್ಪಿಸಿದೆ.

"ನೋ. ಬಿಗ್ ಒನ್. ಅಪ್ಪಂಗೆ ಅದೇ ಬೇಕಿತ್ತು."

"ಅಲ್ಲಿ ಕೂತ್ರೆ ಏನೂ ಕಾಣಲ್ವಂತೆ ಕಣೇ. ಚಿಕ್ಕದ್ರಲ್ಲಿ ಎಲ್ಲಾ ಕಾಣತ್ತೆ."

ಅವಳು ಸ್ವಲ್ಪ ಹೊತ್ತು ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆದಳು. "ದಟ್ಸ್ ವೈ, ಅಮ್ಮಾ. ಚಿಕ್ಕದ್ರಲ್ಲಿ ಎಲ್ಲಾ ಕಾಣತ್ತೆ. ಟಾಪಲ್ಲಿ ಅಪ್ಪ ಇಲ್ಲ, ಅದೂ ಕಾಣತ್ತೆ."

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹೊರಗೆ ಬಂದು, ದೊಡ್ಡದಕ್ಕೇ ಬುಕ್ ಮಾಡು ಅಂದೆ.

ದೊಡ್ಡದರ ಮೇಲೆ ನಾನು ಹೇಳುತ್ತಿದ್ದ ದೂರೆಲ್ಲ ನಿಜವೇ ಆಗಿತ್ತು. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡು ಬಾಗಿಲಲ್ಲೇ ಇತ್ತು. ಮೊಸರನ್ನದ ಡಬ್ಬಿಯನ್ನು ಶಾಲಿನೊಳಗೆ ಕಂಕುಳಲ್ಲಿ ಅವಿತಿಟ್ಟುಕೊಂಡು, ಕಳ್ಳಿಯ ಹಾಗೆ ಒಂದು ಮೂಲೆ ಹಿಡಿದೆ. ಸಾಲುಸಾಲು ಕಿಟಕಿಗಳು, ಒಂದೊಂದರಲ್ಲೂ ಗುಡ್ಡದ ಒಂದೊಂದು ತುಂಡು. ನಿಧಿ ಯಾವ ಲಿಫ್ಟ್ ಹತ್ತಿದಳೋ, ಯಾವ ಕಡೆಯಿಂದ ಇಳಿಯುತ್ತಾಳೋ ಗೊತ್ತಾಗಲಿಲ್ಲ. ಜನವೋ ಜನ. ಅದರಲ್ಲಿ ಹಳದಿ ಜಾಕೆಟ್ಟಿನವರು ಬೇಕಾದಷ್ಟು. ಒಬ್ಬರು ಮರಗಳ ಹಿಂದೆ ಮರೆಯಾದರೆ ಇನ್ನೊಂದು ಕಿಟಕಿಯಲ್ಲಿ ಇನ್ನೊಬ್ಬರು ಬರುತ್ತಿದ್ದರು. ಅಷ್ಟು ದೂರದಿಂದ ಯಾರದೂ ಮುಖ ತಿಳಿಯುತ್ತಿರಲಿಲ್ಲ. ಈ ಗುಡ್ಡದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಅಲ್ಲಿ ಕೂತು ಖಚಿತವಾಗಿ ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಅದು ನನಗೆ ಬಹಳ ಹಿತವಾಯಿತು.

ಅಷ್ಟರಲ್ಲಿ ಒಂದು ಹಳದಿ ಜಾಕೆಟ್ಟು ತಿರುವಿನಲ್ಲಿ ಬಿತ್ತು. ನನ್ನ ಚಮಚ ಗಾಳಿಯಲ್ಲಿ ನಿಂತಿತು. ಆ ಮನುಷ್ಯ ಯಾರೋ ಏನೋ, ತಡಕಾಡಿ, ಹಿಮ ಕೊಡವಿ ಎದ್ದ. ನಾನು ಬೋರ್ಡನ್ನೂ ಮರೆತು, ಉಪ್ಪಿನಕಾಯಿಯ ಸಮೇತ ಚಮಚ ಎತ್ತಿ ಆಡಿಸಿದೆ.

"ಅಮ್ಮಾ, ಯಾರಿಗೆ ವೇವ್ ಮಾಡ್ತಿದೀಯ?" ನಿಧಿ ಹಿಂದೆಯೇ ಬಂದು ನಿಂತಿದ್ದಳು.

"ಯಾರಿಗೂ ಇಲ್ಲ. ಕೂತ್ಕೊ, ತಿನ್ನು," ಅಂದೆ. ಅವಳು ಪಕ್ಕದಲ್ಲಿ ಕೂತು, ಆ ಹಳದಿ ಜಾಕೆಟ್ಟು ಬುಡ ಮುಟ್ಟುವವರೆಗೂ ನೋಡಿದಳು.

ಮದುವೆಯಾದಾಗಿನಿಂದ ಯಾವ ವಾದದಲ್ಲೂ ಅವರಿಗೆ ಸೋತವಳಲ್ಲ ನಾನು. ಈಗ, ದೊಡ್ಡದೇ ಸರಿ ರೀ, ನೀವು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳಲು ತಯಾರಾಗಿ ಕೂತಿದ್ದೇನೆ. ಇಷ್ಟೊಂದು ಕಿಟಕಿಗಳಲ್ಲಿ ಯಾವುದರ ಕಡೆ ತಿರುಗಿ ಹೇಳಬೇಕೋ ತಿಳಿಯುತ್ತಿಲ್ಲ.