ಕಂಬಳಿ ಒಣಗಿಸಲು ಲಡಾಖಿಗೆ

ಚೌಕಾಸಿ ಮಾಡುವವನನ್ನು ಜನ ಜಿಪುಣನೆಂದು ತಿಳಿಯುತ್ತಾರೆ. ಇದು ಶುದ್ಧ ತಪ್ಪು. ಜಿಪುಣ ಕೊಳ್ಳುವುದೇ ಇಲ್ಲ. ನಾನು ಕೊಳ್ಳುತ್ತೇನೆ, ಆದರೆ ಮಾರುವವನಿಗೂ ಸ್ವಲ್ಪ ವ್ಯಾಯಾಮ ಮಾಡಿಸಿ ಕೊಳ್ಳುತ್ತೇನೆ. ಕುಶಾಲನಗರದಲ್ಲಿ ಹಳೆಯ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇಂಥವನ್ನು ಕೊಂಡು, ರಿಪೇರಿ ಮಾಡಿ, ಬಣ್ಣ ಬಳಿದು ಮಾರುವುದು ನನ್ನ ಉದ್ಯೋಗ. ಅರಕಲಗೂಡಿನ ಕಡೆಯಿಂದ ಒಂದು ಸ್ಪ್ಯಾನರ್ ಸೆಟ್ಟು ಹಿಡಿದುಕೊಂಡು ಬಂದವನು ಇವತ್ತು ಸ್ವಂತ ಶೆಡ್ಡು ಹಾಕಿಕೊಂಡು ಕೂತಿದ್ದೇನೆಂದರೆ ಅದಕ್ಕೆ ಕಾರಣ ನನ್ನ ಏಳು ಹೆಜ್ಜೆಯ ಶಾಸ್ತ್ರ. ನಿಮಗೂ ಉಪಯೋಗಕ್ಕೆ ಬರುತ್ತದೆ, ಕೇಳಿಕೊಳ್ಳಿ. ಸಾಮಾನನ್ನು ನೋಡಬೇಕು, ಮುಟ್ಟಬೇಕು, ಒಂದು ನಿಟ್ಟುಸಿರು ಬಿಡಬೇಕು, ನಮ್ಮ ಬೆಲೆ ಹೇಳಬೇಕು, ಆಮೇಲೆ ತಿರುಗಿ ನೋಡದೆ ಹೊರಟುಬಿಡಬೇಕು. ಏಳು ಹೆಜ್ಜೆ ಮುಗಿಯುವುದರೊಳಗೆ ಹಿಂದಿನಿಂದ ಕರೆ ಬಂದೇ ಬರುತ್ತದೆ. ಮದುವೆಯಲ್ಲಿ ಏಳು ಹೆಜ್ಜೆ ಮನುಷ್ಯನನ್ನು ಕಟ್ಟಿಹಾಕುತ್ತದೆ, ಅಂಗಡಿಯಲ್ಲಿ ಅದೇ ಏಳು ಹೆಜ್ಜೆ ಅವನನ್ನು ಕಾಪಾಡುತ್ತದೆ. ಈ ಶಾಸ್ತ್ರ ಒಂದೇ ಒಂದು ಸಲ ಕೈಕೊಟ್ಟಿತು. ಆ ಒಂದು ಸಲದ ಕಥೆ ಇದು.

ನನ್ನ ಹೆಂಡತಿ ಸರೋಜ ಚೆಟ್ಟಳ್ಳಿಯ ಕಡೆಯವಳು. ಅವಳ ಅಪ್ಪ ಅಲ್ಲಿನ ಎಸ್ಟೇಟೊಂದರಲ್ಲಿ ಜೀಪ್ ಡ್ರೈವರ್ ಆಗಿದ್ದರು. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಅವಳು ನನ್ನಲ್ಲಿ ಕೇಳಿದ್ದು ಕಡಿಮೆ. ಕೇಳಿದ್ದಕ್ಕೂ ನಾನು ಅರ್ಧ ಕೊಟ್ಟು ಒಪ್ಪಿಸಿದ್ದೇನೆ. ಆದರೆ ಮಗಳ ಮದುವೆ ಮುಗಿದ ಮೇಲಿನ ಮಳೆಗಾಲದಲ್ಲಿ ಒಂದು ದಿನ ಅವಳು ಅಡುಗೆಮನೆಯಿಂದ ಒಂದು ಕಂಬಳಿ ತಂದು ನನ್ನ ಮೂಗಿಗೆ ಹಿಡಿದಳು.

"ರೀ, ಮೂಸಿ ನೋಡಿ."

ಮೂಸಿದೆ. ಮುಗ್ಗಲು, ಹೊಗೆ, ಸ್ವಲ್ಪ ಒಣಮೀನು.

"ಜೂನ್ ತಿಂಗಳಿಂದ ಒಲೆ ಮೇಲೆ ಕಟ್ಟಿದೀನಿ. ಹೊಗೆ ಹಿಡೀತೇ ಹೊರತು ಒಣಗಲಿಲ್ಲ. ಇಪ್ಪತ್ತಾರು ವರ್ಷದಿಂದ ಇದೇ ಆಯ್ತು ನಂಗೆ. ಒಂದು ಮರ ಇರಬಾರದು, ಒಂದು ಮೋಡ ಇರಬಾರದು, ಒಗೆದು ಹಾಕಿದ್ದು ಅರ್ಧ ಗಂಟೇಲಿ ಗರಿಗರಿ ಅನ್ನಬೇಕು. ಅಂಥ ಊರು ನೋಡ್ಬೇಕು ನಾನು. ಮಳೆಗಾಲದಲ್ಲೇ ನೋಡ್ಬೇಕು."

ಬೇರೆ ಹೆಂಗಸರು ಚಿನ್ನ ಕೇಳುತ್ತಾರೆ. ಚಿನ್ನವಾದರೆ ಮಡಿಕೇರಿಯಲ್ಲಿ ಸಿಗುತ್ತದೆ. ಇವಳು ಕೇಳಿದ್ದು ಮರುಭೂಮಿ. ಪಕ್ಕದ ಬೈಲಕುಪ್ಪೆಯಲ್ಲಿ ಸ್ವೆಟರ್ ಮಾರುವ ಟಿಬೆಟಿನ ಅಜ್ಜಿಯೊಬ್ಬಳು ಲಡಾಖಿನ ವಿಷಯ ಹೇಳಿ ಇವಳ ತಲೆಗೆ ತುಂಬಿದ್ದಳು. ಬೋಳು ಗುಡ್ಡ, ನೀಲಿ ಕೆರೆ, ಹಲ್ಲು ಕಟಕಟ ಅನ್ನಿಸುವ ಚಳಿಯಲ್ಲೂ ಚುರುಗುಟ್ಟುವ ಬಿಸಿಲು. ಮಳೆಗಾಲದಲ್ಲಿ ನನ್ನ ವ್ಯಾಪಾರವೂ ಮಲಗಿರುತ್ತದೆ. ಸರಿ ಎಂದೆ. ಆದರೆ ಹೋಟೆಲ್ ರೂಮಿನವರ ಜೊತೆ ದಿನಾ ಚೌಕಾಸಿ ಮಾಡುತ್ತಾ ಹೋದರೆ ಊರು ನೋಡುವುದು ಯಾವಾಗ? ಅದಕ್ಕೆ ಮನೆಯನ್ನೇ ಎಳೆದುಕೊಂಡು ಹೋಗೋಣವೆಂದು ನಿಶ್ಚಯಿಸಿದೆ.

ಕಕ್ಕಬೆಯಲ್ಲಿ ಮಾಚಯ್ಯ ಎಂಬವರ ಹೋಂಸ್ಟೇ ಇದೆ. ಅವರು ಒಂದು ಕಾಲದಲ್ಲಿ ಅತಿಥಿಗಳಿಗೆಂದು ಎರಡು ಚಕ್ರದ ಟ್ರೈಲರ್ ಮನೆಯೊಂದನ್ನು ತರಿಸಿ ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದ್ದರು. ಒಳಗೆ ಮಂಚ, ಒಲೆ, ಪುಟ್ಟ ಸಿಂಕು ಎಲ್ಲ ಇದ್ದವು. ಅತಿಥಿಗಳು ಮಾತ್ರ ಬರಲಿಲ್ಲ, ಕೋಳಿಗಳು ಬಂದವು. ನಾನು ನೋಡಿದೆ, ಮುಟ್ಟಿದೆ, ನಿಟ್ಟುಸಿರು ಬಿಟ್ಟೆ, ಬೆಲೆ ಹೇಳಿದೆ, ಹೊರಟೆ. ಐದನೆಯ ಹೆಜ್ಜೆಗೆ "ಹಾಗೆ ಹೋದ್ರೆ ಎಂತ ಮಾರಾಯ್ರೆ, ಬನ್ನಿ, ಕಾಫಿ ಕುಡೀರಿ" ಎಂದು ಮಾಚಯ್ಯನವರು ಕರೆದರು. ಕಾಫಿ ಮುಗಿಯುವಷ್ಟರಲ್ಲಿ ಟ್ರೈಲರ್ ನನ್ನದಾಗಿತ್ತು, ಒಂದು ಕೋಳಿಯ ಸಮೇತ. ಮನೆಗೆ ತಂದಾಗ ಸರೋಜ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ಹೇಳಿದಳು, "ಚೆನ್ನಾಗಿದೆ. ರಿವರ್ಸ್ ಹೆಂಗ್ ತೆಗೀತೀರಿ?"

"ರಿವರ್ಸ್ ಯಾಕೆ? ನಾವು ಹೋಗೋದು ಮುಂದಕ್ಕೆ ತಾನೆ?" ಎಂದೆ. ಅವಳು ಏನೂ ಹೇಳಲಿಲ್ಲ. ಹೆಂಗಸರು ಸುಮ್ಮನಾದರೆ ನಮ್ಮ ವಾದ ಗೆದ್ದಿತು ಎಂದುಕೊಳ್ಳುವವರಲ್ಲಿ ನಾನೂ ಒಬ್ಬ.

ನಿಜ ಹೇಳುತ್ತೇನೆ, ಟ್ರೈಲರ್ ಕಟ್ಟಿದ ನನ್ನ ಹಳೆಯ ಜೀಪನ್ನು ಹಿಂದಕ್ಕೆ ತೆಗೆಯುವುದು ನನಗೆ ಬರುತ್ತಿರಲಿಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಆಯಿತು, ಉಲ್ಟಾ ತಿರುಗಿಸೋಣ ಎಂದುಕೊಂಡರೆ ಅದು ನಮ್ಮ ಮನಸ್ಸು ಓದಿದ ಹಾಗೆ ಮಡಚಿಕೊಂಡು ಜೀಪನ್ನೇ ಗುಮ್ಮಲು ಬರುತ್ತದೆ. ಆದ್ದರಿಂದ ಕುಶಾಲನಗರದಿಂದ ಲಡಾಖಿನವರೆಗೆ, ಅಷ್ಟೂ ದಿನ, ನಾನು ಒಂದು ಅಡಿಯೂ ಹಿಂದೆ ಹೋಗದೆ ದೇಶ ದಾಟಿದೆ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬೀಳುವ ಪೆಟ್ರೋಲ್ ಬಂಕು, ಮೈದಾನದಂಥ ಅಂಗಳವಿರುವ ಡಾಬಾ, ಇಂಥವೇ ನನ್ನ ತಂಗುದಾಣಗಳು. ಪಂಜಾಬಿನಲ್ಲಿ ಒಮ್ಮೆ ಲೆಕ್ಕ ತಪ್ಪಿ ಒಂದು ಗೋಡೆಯ ಮುಂದೆ ನಿಂತಾಗ ಟ್ರೈಲರ್ ಬಿಚ್ಚಿಸಿ, ಎಂಟು ಜನ ಸರದಾರರಿಂದ ಎತ್ತಿಸಿ ತಿರುಗಿಸಿದ್ದಾಯಿತು. ಅವರಿಗೆ ಲಸ್ಸಿ ಕೊಡಿಸಲು ಹೋದರೆ ಅವರೇ ನಮಗೆ ಕುಡಿಸಿ ಕಳಿಸಿದರು. "ನೋಡು, ಜನಸಂಪರ್ಕ ಬೆಳೀತು" ಎಂದೆ. ಸರೋಜ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಟ್ರೈಲರಿನ ಮಂಚದ ಕೆಳಗೆ ಅವಳದೊಂದು ಮೂಟೆಯಿತ್ತು. ರಾಜಸ್ಥಾನ ದಾಟುವಾಗ ಬಿಚ್ಚಿ ನೋಡಿದರೆ ನಮ್ಮ ಮನೆಯ ನಾಲ್ಕು ಕಂಬಳಿ, ಆರು ದುಪ್ಪಟಿ, ಎಲ್ಲ ಮುಗ್ಗಲು ವಾಸನೆಯವು. ಕೊಡಗಿನ ತೇವವನ್ನು ಇವಳು ದೇಶದುದ್ದಕ್ಕೂ ಹೊತ್ತುಕೊಂಡು ಬಂದಿದ್ದಳು.

"ಇಲ್ಲೇ ಹರವಿ ಒಣಗಿಸು, ಬೆಂಕಿಯಂಥಾ ಬಿಸಿಲಿದೆ."

"ಇಲ್ಲಿ ಧೂಳು. ಒಗೀದೆ ಒಣಗಿಸಿ ಏನು ಬಂತು? ಅಲ್ಲೇ ಒಗೆದು ಅಲ್ಲೇ ಒಣಗಿಸೋದು."

ಕೊನೆಗೆ ಆ ಕೆರೆ ಕಂಡಿತು. ಅದರ ಬಣ್ಣ ಹೇಳಲು ಹೋಗುವುದಿಲ್ಲ. ನಮ್ಮ ಕಡೆ ಆ ನೀಲಿಯನ್ನು ಹೋಲುವುದು ತೋಟಕ್ಕೆ ಹೊಡೆಯುವ ಮೈಲುತುತ್ತದ ದ್ರಾವಣ ಒಂದೇ. ಸುತ್ತ ಬೋಳು ಗುಡ್ಡಗಳು, ಒಂದು ಹುಲ್ಲುಕಡ್ಡಿಯಿಲ್ಲ. ಸರೋಜ ಜೀಪಿನಿಂದ ಇಳಿದು ಎರಡೂ ಕೈ ಚಾಚಿ ಗಾಳಿ ಮುಟ್ಟಿ ನೋಡಿದಳು. "ಒಣಾ ಗಾಳಿ ರೀ!" ಎಂದು ನಕ್ಕಳು. ಆದರೆ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ನೀರೂ ಉಪ್ಪು. ಇದ್ದದ್ದು ಒಂದೇ ಜಾಗ. ರಸ್ತೆ ಬದಿಗೆ ಒಬ್ಬ ಮುದುಕಿಯ ಮನೆ, ಪಕ್ಕದಲ್ಲಿ ಬಾರ್ಲಿ ಗದ್ದೆ, ಗದ್ದೆಗೆ ಹರಿದು ಬರುವ ಮಂಜಿನ ನೀರಿನ ಕಾಲುವೆ, ಅದರ ಬದಿಗೆ ಸಪಾಟಾದ ಬಯಲು. ಗಡಿ ಪ್ರದೇಶಕ್ಕೆಂದು ತೆಗೆಸಿದ್ದ ನಮ್ಮ ಪರ್ಮಿಟ್ಟಿನಲ್ಲಿ ಉಳಿದಿದ್ದದ್ದು ಎರಡು ದಿನ.

ಮುದುಕಿ ಗೋಡೆಗೊರಗಿ ಉಣ್ಣೆ ನೂಲುತ್ತಿದ್ದಳು. ಎಲ್ಲರೂ ಅವಳನ್ನು ಆಮಾ ಎನ್ನುತ್ತಿದ್ದರು. ಅಮ್ಮ ಎಂದೇ ಅರ್ಥವಂತೆ. ಒಂದು ರಾತ್ರಿಗೆ ಎಷ್ಟು ಎಂದು ಹಿಂದಿಯಲ್ಲಿ ಕೇಳಿದೆ. ಐದು ಬೆರಳು ತೋರಿಸಿದಳು, ಅಂದರೆ ಐನೂರು. ನಾನು ಬಯಲನ್ನು ನೋಡಿದೆ, ಕಾಲಿನಿಂದ ಒತ್ತಿದೆ, ನಿಟ್ಟುಸಿರು ಬಿಟ್ಟು ಮೂರು ಬೆರಳು ತೋರಿಸಿದೆ. ಅವಳು ಐದು ತೋರಿಸಿದಳು. ನಾನು ಮೂರೂವರೆ ತೋರಿಸಲು ಒಂದು ಬೆರಳನ್ನು ಮಡಚಿ ಒದ್ದಾಡಿದೆ. ಅವಳು ಆಸಕ್ತಿಯಿಂದ ನೋಡಿ ಮತ್ತೆ ಐದು ತೋರಿಸಿದಳು.

"ರೀ, ಕೊಟ್ಬಿಡಿ," ಎಂದಳು ಸರೋಜ ಮೆಲ್ಲಗೆ. "ನೀರಿದೆ, ಬಿಸಿಲಿದೆ."

"ನೀನು ಮುಖದಲ್ಲಿ ಆಸೆ ತೋರಿಸ್ಬೇಡ, ರೇಟು ಏರುತ್ತೆ. ಗಾಡಿ ಹತ್ತು."

ಜೀಪು ಫಸ್ಟ್ ಗೇರಿನಲ್ಲಿ ಹೊರಟಿತು. ನನ್ನ ಕಣ್ಣು ಕನ್ನಡಿಯ ಮೇಲೆ. ಮುದುಕಿ ನೂಲುತ್ತಿದ್ದಳು.

"ಕರೀಲಿಲ್ಲ," ಎಂದಳು ಸರೋಜ.

"ಕರೀತಾಳೆ. ಕಾಲಿಗೆ ಏಳು ಹೆಜ್ಜೆ ಅಂದ್ರೆ ಗಾಡಿಗೆ ಎಪ್ಪತ್ತು."

ಎಪ್ಪತ್ತಾಯಿತು. ಮುದುಕಿ ಕನ್ನಡಿಯಲ್ಲಿ ಕಾಳುಮೆಣಸಿನಷ್ಟಾದಳು, ಸಾಸಿವೆಯಾದಳು, ಮಾಯವಾದಳು. ಅಲ್ಲಿ ನನಗೆ ಹೊಳೆದದ್ದನ್ನು ನಿಮಗೂ ಹೇಳಿಬಿಡುತ್ತೇನೆ. ನನ್ನ ಶಾಸ್ತ್ರ ನಡೆಯುವುದು ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ದಾಗ ಮಾತ್ರ. ಅಲ್ಲಿ ಪಕ್ಕದ ಅಂಗಡಿ ಎಂದರೆ ಬಹುಶಃ ಚೀನಾ. ಇದು ಆಮಾಗೂ ಗೊತ್ತಿತ್ತು.

ಅರ್ಧ ಕಿಲೋಮೀಟರು ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಹಗ್ಗ, ಹಗ್ಗದ ಪಕ್ಕ ಒಬ್ಬ ಮಿಲಿಟರಿ ಜವಾನ. ಪರ್ಮಿಟ್ ನೋಡಿ, ಇಲ್ಲಿಂದ ಮುಂದೆ ನಿಮಗಿಲ್ಲ, ಗಾಡಿ ತಿರುಗಿಸಿ ಎಂದು ಹಿಂದಿಯಲ್ಲಿ ಹೇಳಿದ. ಎಲ್ಲಿಗೆ ತಿರುಗಿಸಲಿ? ಎಡಕ್ಕೆ ಬಂಡೆ, ಬಲಕ್ಕೆ ಜಾರು, ಅದರ ಕೆಳಗೆ ಆ ಮೈಲುತುತ್ತದ ನೀಲಿ. ರಸ್ತೆ ನಮ್ಮ ಟ್ರೈಲರಿಗಿಂತ ಎರಡು ಗೇಣು ಅಗಲ. ಬಿಚ್ಚಿ ಎತ್ತಿ ತಿರುಗಿಸೋಣವೆಂದರೆ ಇದ್ದವರು ಮೂವರು. ಅದರಲ್ಲೂ ಆ ಎತ್ತರದಲ್ಲಿ ನಾನು ಶೂ ಲೇಸು ಕಟ್ಟಿದರೂ ಕೂತು ಸುಧಾರಿಸಿಕೊಳ್ಳಬೇಕಿತ್ತು. "ಹಿಂದಕ್ಕೆ ತಗೊಳ್ಳಿ," ಎಂದ ಜವಾನ. ತೆಗೆದೆ. ಟ್ರೈಲರ್ ಬಂಡೆಗೆ ಮುತ್ತು ಕೊಟ್ಟಿತು. ಮುಂದೆ ಬಂದು ಮತ್ತೆ ತೆಗೆದೆ. ಈ ಸಲ ಕೆರೆಯ ಕಡೆ ಒಂದು ಚಕ್ರ ಕಲ್ಲುಗಳನ್ನು ಉರುಳಿಸಿತು. ಅವು ಉರುಳುತ್ತಾ ಹೋದ ಸದ್ದು ಬಹಳ ಹೊತ್ತು ಕೇಳಿಸಿತು. ಮೂರನೆಯ ಸಲಕ್ಕೆ ಧೈರ್ಯ ಸಾಲದೆ ಇಂಜಿನ್ ಆರಿಸಿಬಿಟ್ಟೆ. ನಾಲ್ಕು ಕಂಬಳಿ, ಆರು ದುಪ್ಪಟಿ, ಇಪ್ಪತ್ತಾರು ವರ್ಷಕ್ಕೊಂದು ಆಸೆ, ಎಲ್ಲ ಎರಡು ಬೆರಳಿನ ವ್ಯತ್ಯಾಸಕ್ಕೆ ಈ ಹಗ್ಗದ ಮುಂದೆ ನಿಂತಿತ್ತು.

ಸರೋಜ ಇಳಿದಳು. ಸಿಟ್ಟಿನಿಂದ ನಡೆದೇ ಹೊರಟಳು ಎಂದುಕೊಂಡೆ. ಇಲ್ಲ, ಮುಂದಿನಿಂದ ಸುತ್ತಿ ನನ್ನ ಬಾಗಿಲಿಗೆ ಬಂದಳು.

"ಇಳೀರಿ."

"ನೀನಾ? ನೀನು ಸಂತೆಗೆ ಸಣ್ಣ ಕಾರು ತಗೊಂಡು ಹೋಗೋದು ಬೇರೆ, ಇದು..."

"ಇಳೀರಿ ಅಂದ್ನಲ್ಲ. ಕಾಣೋ ಹಾಗೆ ಹಿಂದೆ ನಡ್ಕೊಂಡು ಹೋಗಿ. ಕಲ್ಲು ಅಡ್ಡ ಇದ್ರೆ ಕೈ ಎತ್ತಿ. ಮಾತು ಬೇಡ."

ಸೀಟು ಮುಂದಕ್ಕೆಳೆದುಕೊಂಡಳು. ಸೆರಗು ಸಿಕ್ಕಿಸಿಕೊಂಡಳು. ಸ್ಟೀರಿಂಗನ್ನು ಮೇಲೆ ಹಿಡಿಯಲಿಲ್ಲ, ಕೆಳಗೆ, ಹೊಟ್ಟೆಯ ಹತ್ತಿರ, ಒಂದೇ ಕೈಯಲ್ಲಿ ಹಿಡಿದಳು. ಟ್ರೈಲರಿನ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈ ಸರಿಸಿದಳು, ಅಷ್ಟೆ. ಅದು ಹಾಲು ಕರೆಸಿಕೊಳ್ಳಲು ಬಂದ ಹಸುವಿನಂತೆ ನೆಟ್ಟಗೆ ಹಿಂದಕ್ಕೆ ಹೊರಟಿತು. ಅರ್ಧ ಕಿಲೋಮೀಟರು, ಮೂರು ತಿರುವು. ಒಂದು ಕಡೆಯೂ ಬಂಡೆ ಮುಟ್ಟಲಿಲ್ಲ. ನಾನು ಏದುಸಿರು ಬಿಡುತ್ತಾ ಮುಂದೆ ಮುಂದೆ, ಅಂದರೆ ಹಿಂದೆ ಹಿಂದೆ, ನಡೆದೆ. ಸಲಹೆ ಕೊಡಬೇಕೆಂದು ಬಾಯಿ ತೆರೆದಾಗಲೆಲ್ಲ ಗಾಳಿಯೇ ಸಾಲದೆ ಮುಚ್ಚಿದೆ. ಇಪ್ಪತ್ತಾರು ವರ್ಷದ ಸಂಸಾರದಿಂದ ಆಗದ ಕೆಲಸವನ್ನು ಆ ಎತ್ತರ ಮಾಡಿತು.

ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಚೌಕಾಸಿಯ ಜಾಗಕ್ಕೆ ಬೆನ್ನು ಮುಂದಾಗಿ ವಾಪಸು ಬಂದೆ. ಆಮಾ ನೂಲುವುದನ್ನು ನಿಲ್ಲಿಸಿ, ಮೊದಲು ಬಂದ ನನ್ನನ್ನು, ಆಮೇಲೆ ಬಂದ ಟ್ರೈಲರನ್ನು, ಕೊನೆಗೆ ಕಾಣಿಸಿದ ಜೀಪಿನೊಳಗಿದ್ದ ಸರೋಜಳನ್ನು ನೋಡಿದಳು. ನಕ್ಕಳು ನೋಡಿ, ಹಲ್ಲಿಲ್ಲದ ಬಾಯಿ ತುಂಬ! ಸರೋಜಳೂ ನಕ್ಕಳು. ಟ್ರೈಲರನ್ನು ಒಂದೇ ಹೊಡೆತಕ್ಕೆ ಕಾಲುವೆಯ ಪಕ್ಕ ನಿಲ್ಲಿಸಿ, ಇಳಿದು ಬಂದು ಐದು ಬೆರಳು ತೋರಿಸಿದಳು. ಆಮಾ ತಲೆಯಾಡಿಸಿ, ಸರೋಜಳ ಬೆನ್ನು ತಟ್ಟಿ, ತಾನಾಗಿಯೇ ನಾಲ್ಕು ಬೆರಳು ತೋರಿಸಿದಳು. ನನ್ನ ಎದೆ ಅರಳಿತು. ಅಷ್ಟರಲ್ಲಿ ಸರೋಜ ಆ ನಾಲ್ಕು ಬೆರಳಿನ ಪಕ್ಕಕ್ಕೆ ಆಮಾಳ ಹೆಬ್ಬೆರಳನ್ನೂ ಬಿಡಿಸಿ ನಿಲ್ಲಿಸಿದಳು. ಕೈಗೆ ಬಂದ ರಿಯಾಯಿತಿಯನ್ನು ಮನುಷ್ಯರು ಹಿಂದಕ್ಕೆ ಕೊಡುವುದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಕುಳಿತುಕೊಂಡೆ. ಅವರಿಬ್ಬರೂ ಎತ್ತರದ ತೊಂದರೆ ಎಂದುಕೊಂಡರು.

ಆ ಮಧ್ಯಾಹ್ನ ಕಾಲುವೆಯಲ್ಲಿ ಕಂಬಳಿ ತುಳಿದವನು ನಾನೇ. ನೀರು ಎಷ್ಟು ತಣ್ಣಗಿತ್ತೆಂದರೆ ಸಂಜೆಯವರೆಗೆ ಪಾದಗಳು ಬೇರೆ ಯಾರದ್ದೋ ಇದ್ದಂತಿದ್ದವು. ಆಮಾಳ ಕಲ್ಲುಗೋಡೆಯ ಉದ್ದಕ್ಕೂ ದುಪ್ಪಟಿಗಳನ್ನು ಹರವಿದೆವು. ಅರ್ಧ ಗಂಟೆ ಅಂದಿದ್ದಳಲ್ಲ, ಅಷ್ಟೂ ಬೇಕಾಗಲಿಲ್ಲ. ಅವಳು ಒಂದೊಂದನ್ನೂ ತೆಗೆದು ಮುಖಕ್ಕೆ ಒತ್ತಿಕೊಂಡು, "ರೀ, ಏನೂ ವಾಸನೆ ಇಲ್ಲ! ಏನೂ ಇಲ್ಲ!" ಎಂದು ಚಿಕ್ಕ ಹುಡುಗಿಯಂತೆ ಕೂಗಿದಳು. ಕಂಬಳಿಗಳಿಗೆ ಸಂಜೆಯವರೆಗೆ ಹಿಡಿಯಿತು. ಅಲ್ಲಿಯವರೆಗೆ ಅವಳು ಆಮಾಳ ಪಕ್ಕ ಗೋಡೆಗೊರಗಿ ಕೂತು, ಮನೆಯಿಂದ ತಂದ ಪುಡಿಯಲ್ಲಿ ಕಾಫಿ ಮಾಡಿ ಇಬ್ಬರಿಗೂ ಕೊಟ್ಟು, ಕೆರೆ ನೋಡಿದಳು. ಆಮಾ ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದಳು. ಆ ಕಡೆ ಚಹಾಕ್ಕೂ ಉಪ್ಪೇ ಅಂತೆ.

ಕೊನೆಗೆ ಕೇಳಿದೆ. "ಇದೆಲ್ಲಾ ಎಲ್ಲಿ ಕಲಿತೆ ನೀನು?"

"ಎಸ್ಟೇಟಲ್ಲಿ. ಕಾಫಿ ಪಿಕಿಂಗ್ ಟೈಮಲ್ಲಿ ಅಪ್ಪನ ಕೈಲಿ ಆಗ್ತಿರಲಿಲ್ಲ, ಸೊಂಟ ನೋವು. ಹಣ್ಣು ತುಂಬಿದ ಟ್ರೈಲರನ್ನ ಪಲ್ಪರ್ ಮನೆಗೆ ರಿವರ್ಸಲ್ಲೇ ತಗೊಂಡು ಹೋಗ್ಬೇಕಿತ್ತು. ನಾಲ್ಕು ವರ್ಷ ನಾನೇ ಬಿಟ್ಟಿದ್ದು. ಲೆಕ್ಕ ಬರೆಯೋ ರೈಟರ್ ನೋಡಿದ್ರೂ ನೋಡದ ಹಾಗೆ ಇರ್ತಿದ್ರು."

"ಮತ್ತೆ ಇಷ್ಟು ವರ್ಷ ಹೇಳಲೇ ಇಲ್ಲವಲ್ಲೇ!"

"ನೀವು ಯಾವಾಗ ಕೇಳಿದ್ರಿ? ನೀವು ಹೇಳ್ತಾ ಇದ್ರಿ, ನಾನು ಕೇಳ್ತಾ ಇದ್ದೆ."

ಯೋಚಿಸಿ ನೋಡಿದೆ. ಒಂದು ಹಳೆಯ ಪಂಪ್‌ಸೆಟ್ಟು ಬಂದರೆ ಅದು ಎಷ್ಟು ವರ್ಷ ಓಡಿದೆ, ಯಾರ ತೋಟದಲ್ಲಿತ್ತು, ಎಷ್ಟು ಎತ್ತರಕ್ಕೆ ನೀರು ಎತ್ತುತ್ತಿತ್ತು ಎಂದು ಅದರ ಜಾತಕವನ್ನೇ ವಿಚಾರಿಸುತ್ತೇನೆ. ಹೆಂಡತಿಯನ್ನು ಮನೆಗೆ ತಂದವನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ವ್ಯಾಪಾರಸ್ಥನಿಗೆ ಇದಕ್ಕಿಂತ ನಾಚಿಕೆ ಇನ್ನೇನಿದೆ? ಎರಡು ದಿನ ಮುಗಿದು ಹೊರಟಾಗ ನಾನೇ ಹೋಗಿ ಎಡಗಡೆಯ ಸೀಟಿನಲ್ಲಿ ಕೂತೆ. ಕುಶಾಲನಗರದವರೆಗೂ ಅಲ್ಲೇ ಕೂತೆ. ಭಾರತ ಆ ಕಡೆಯಿಂದ ಬಹಳ ಚೆನ್ನಾಗಿ ಕಾಣುತ್ತದೆ. ಬರುವಾಗ ನಾನು ನೋಡಿಯೇ ಇರಲಿಲ್ಲ.

ಈಗ ನಮ್ಮ ಕಡೆ ಟ್ರೈಲರ್ ಮನೆ ಕೊಳ್ಳಬೇಕೆನ್ನುವವರು, ಅದನ್ನು ರಿವರ್ಸ್ ತೆಗೆಯುವುದು ಹೇಗೆಂದು ಕೇಳಲು ನನ್ನ ಶೆಡ್ಡಿಗೆ ಬರುತ್ತಾರೆ. ಕೇಳಿದವರಿಗೆ ಇಲ್ಲವೆನ್ನುವ ಸ್ವಭಾವ ನನ್ನದಲ್ಲ. ಕೈಯನ್ನು ಕೆಳಗೆ ಹಿಡಿಯಬೇಕು, ಹಿಂಭಾಗ ಹೋಗಬೇಕಾದ ಕಡೆಗೆ ಸರಿಸಬೇಕು, ಅವಸರ ಪಡಬಾರದು, ಲಡಾಖಿನಲ್ಲಿ ಅರ್ಧ ಕಿಲೋಮೀಟರು ಒಂದೇ ಉಸಿರಿಗೆ ಬಂದೆವು ಎಂದು ವಿವರವಾಗಿ ಹೇಳಿಕೊಡುತ್ತೇನೆ. ಸರೋಜ ಕಾಫಿ ತಂದಾಗ ಮಾತ್ರ ಸ್ವಲ್ಪ ಹೊತ್ತು ಪಂಪ್‌ಸೆಟ್ಟಿನ ವಿಷಯ ಮಾತನಾಡುತ್ತೇನೆ.