ಮಾವಿನ ತಟ್ಟೆಯೂ ನನ್ನ ನಾಲಿಗೆಯೂ

ಈ ವರ್ಷ ಮಾವಿನ ಕಾಲ ಮುಗಿಯಕೂಡದು ಎಂದು ನಾನು ತೀರ್ಮಾನಿಸಿಬಿಟ್ಟೆ. ಹೊರಗೆ ಬೇಕಾದರೆ ಮುಗಿಯಲಿ, ಮರಗಳು ಬರೀ ಎಲೆ ಹೊತ್ತುಕೊಂಡು ನಿಲ್ಲಲಿ; ನಮ್ಮ ಫ್ರಿಜ್ಜಿನೊಳಗೆ ಮಾತ್ರ ನನ್ನ ಅಪ್ಪಣೆಯಿಲ್ಲದೆ ಮುಗಿಯುವಂತಿಲ್ಲ!

ಇದು ಕೇವಲ ಬಾಯಿಚಪಲವಲ್ಲ. ನಾನು ಗೋಡೆಗೆ ಬಳಿಯುವ ಬಣ್ಣ ಮಾರುವ ಕಂಪನಿಯೊಂದರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ನಮ್ಮ ಮ್ಯಾನೇಜರು, ಎಂದರೆ ಕಚೇರಿಯೆಲ್ಲ 'ದೊಡ್ಡವರು' ಎಂದು ಕರೆಯುವ ಹಿರಿಯರು, ನಿವೃತ್ತಿಯ ಹೊಸ್ತಿಲಲ್ಲಿದ್ದರು. ಅವರ ನಂತರ ಆ ಕುರ್ಚಿ ನನ್ನದೇ ಎಂಬುದು ಎಲ್ಲರಿಗೂ ಗೊತ್ತು, ನನಗಂತೂ ಎಲ್ಲರಿಗಿಂತ ಮೊದಲೇ ಗೊತ್ತು. ಆದರೆ ಮೇಲಿನವರ ಆದೇಶ ತೆವಳಿಕೊಂಡು ಬರುವಷ್ಟರಲ್ಲಿ ಮಾರುಕಟ್ಟೆಯಲ್ಲಿ ಒಂದು ಮಾವೂ ಉಳಿದಿರುವುದಿಲ್ಲ. ಪಟ್ಟಕ್ಕೇರಿದ ದಿನ ಇಡೀ ಕಚೇರಿಯನ್ನು ಮನೆಗೆ ಕರೆದು, ಅಕಾಲದಲ್ಲಿ ಮಾವು ತಿನ್ನಿಸಿ, ಎಲ್ಲರನ್ನೂ ದಂಗುಬಡಿಸಬೇಕೆಂಬುದು ನನ್ನ ಮಹಾಸಂಕಲ್ಪ.

"ಕುರ್ಚಿ ಇನ್ನೂ ಅವರ ಕೆಳಗೇ ಇದೆ. ನೀವು ಆಗ್ಲೇ ಹಣ್ಣು ಹೆಚ್ತಾ ಕೂತಿದೀರಲ್ಲ!" ಎಂದಳು ಹೆಂಡತಿ.

"ದೂರದೃಷ್ಟಿ ಅಂದ್ರೆ ಇದೇ ಕಣೇ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ್ರೂ ಇದೇ ಕಣೋ," ಎಂದರು ಮೂಲೆಯಿಂದ ನಮ್ಮಮ್ಮ.

ಮಹಾಕಾರ್ಯಗಳಿಗೆ ಮನೆಯವರ ಬೆಂಬಲ ಎಂದೂ ಸಿಕ್ಕಿದ್ದಿಲ್ಲ. ನಾನು ಸಿಪ್ಪೆ ಸುಲಿದು, ಹೋಳು ಮಾಡಿ, ಹೊಸ ಸ್ಟೀಲ್ ತಟ್ಟೆಯಲ್ಲಿ ಹರಡಿದೆ. "ನೋಡಿ, ಇದನ್ನ ಹಾಗೇ ಚೀಲಕ್ಕೆ ತುಂಬಿದ್ರೆ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆ ಆಗುತ್ತೆ. ಮೊದಲು ಫ್ರೀಜರಿನಲ್ಲಿ ಬಿಡಿಬಿಡಿಯಾಗಿ ಗಟ್ಟಿ ಆಗಬೇಕು, ಆಮೇಲೆ ಚೀಲ," ಎಂದು ಇಬ್ಬರಿಗೂ ಪಾಠ ಮಾಡಿದೆ. ಪಾಠ ಸ್ವಲ್ಪ ಉದ್ದವಾಯಿತು. ಅಮ್ಮ ನಡುವೆ ಒಂದು ನಿದ್ದೆ ತೆಗೆದು ಎದ್ದರು. ಅಂಟುವುದರ ಕುರಿತು ನಾನು ಅಷ್ಟೆಲ್ಲ ಮಾತಾಡುತ್ತಿದ್ದಾಗ, ಯಾವುದು ಯಾವುದಕ್ಕೆ ಅಂಟಬೇಕೆಂದು ವಿಧಿ ಆಗಲೇ ತೀರ್ಮಾನಿಸಿಯಾಗಿತ್ತು.

ಮರುದಿನವೇ ದೊಡ್ಡವರ ಬೀಳ್ಕೊಡುಗೆ. ಮುಖ್ಯ ಭಾಷಣಕಾರ ಯಾರು? ಕಚೇರಿಯಲ್ಲಿ ಮೈಕು ಯಾರ ಕೈಗೆ ಹೋದರೆ ವಾಪಸು ಬರುವುದಿಲ್ಲವೋ ಅವನೇ! ಬೆಳಗ್ಗೆ ಭಾಷಣವನ್ನು ಗುನುಗುತ್ತಾ ಫ್ರೀಜರ್ ಬಾಗಿಲು ತೆರೆದು ತಟ್ಟೆಯನ್ನು ಈಚೆ ತೆಗೆದೆ. ಹೋಳುಗಳು ಬಂಗಾರದ ಗಟ್ಟಿಗಳಂತೆ ಬಿದ್ದಿದ್ದವು. ತಟ್ಟೆಯ ಅಂಚಿನಲ್ಲಿ ರಸ ಹೆಪ್ಪುಗಟ್ಟಿ ತೆಳ್ಳಗೆ ಹೊಳೆಯುತ್ತಿತ್ತು. ಅದನ್ನು ನೋಡಿದರೆ ಯಾರಿಗಾದರೂ ನೆಕ್ಕಬೇಕೆನ್ನಿಸುತ್ತದೆ. ನೆಕ್ಕಿದೆ.

ಹೋದ ನಾಲಿಗೆ ವಾಪಸು ಬರಲಿಲ್ಲ! ಮಂಜಿನಂಥ ಸ್ಟೀಲಿಗೆ ಅಂಟಿ ಕೂತಿತ್ತು.

ತಟ್ಟೆಯನ್ನು ಮುಖಕ್ಕೆ ಹಿಡಿದುಕೊಂಡು ನಡುಮನೆಗೆ ಓಡಿದೆ. "ನಾಯಿಗೆ! ನಾಯಿಗೆ!" ಎಂದು ಕೂಗಿಕೊಂಡೆ. ನಾನು ಹೇಳಬೇಕೆಂದಿದ್ದದ್ದು ನಾಲಿಗೆ ಎಂದು.

ಅಮ್ಮ ಸಿಡಿದೆದ್ದರು. "ನಾಯಿಗಾ? ಇಷ್ಟು ಒಳ್ಳೇ ಹಣ್ಣನ್ನ ನಾಯಿಗೆ ಹಾಕ್ತಾರೇನೋ?"

ಅಲ್ಲಾ ಎನ್ನಹೋಗಿ, "ಅಯ್ಯಾ, ನಾಯಿಗೆ!" ಎಂದೆ.

"ಅಯ್ಯಾ ಗಿಯ್ಯಾ ಅಂದ್ರೆ ಬಿಡ್ತೀನಾ?"

ಅಷ್ಟರಲ್ಲಿ ಹೆಂಡತಿ ಬಂದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ತಟ್ಟೆಯನ್ನು ನೋಡಿದಳು. ನಗುವುದಕ್ಕೆ ಅಡುಗೆಮನೆಗೆ ಹೋಗಿ, ಮುಗಿಸಿಕೊಂಡು ಬಂದಳು. "ಅಲ್ಲಾಡಬೇಡಿ. ಉಗುರುಬೆಚ್ಚಗಿನ ನೀರು ಹುಯ್ದರೆ ತಾನಾಗೇ ಬಿಡುತ್ತೆ. ಅಷ್ಟರಲ್ಲಿ ಎಳೆದುಗಿಳೆದು ಬಿಟ್ಟೀರ ಮತ್ತೆ!" ಎಂದು ಒಲೆ ಹಚ್ಚಲು ಹೋದಳು.

ಆಗ ಬಾಗಿಲ ಗಂಟೆ ಹೊಡೆದುಕೊಂಡಿತು. ಕಚೇರಿಗೆ ಜೊತೆಯಾಗಿ ಹೋಗೋಣವೆಂದು ನಮ್ಮ ಕ್ಯಾಷಿಯರಮ್ಮ ಹೇಳಿದ್ದರು. ಆಕೆ ಕಂಡದ್ದನ್ನು ಕಚೇರಿ ಕಾಣಲು ಹೆಚ್ಚು ಹೊತ್ತು ಬೇಕಿಲ್ಲ. ನಾಳೆಯ ಮ್ಯಾನೇಜರು ಬಾಯಿಗೆ ತಟ್ಟೆ ನೇತುಹಾಕಿಕೊಂಡು ಬಾಗಿಲು ತೆಗೆಯುವುದೇ? ಕಣ್ಣು ಮುಚ್ಚಿ ಎಳೆದೇಬಿಟ್ಟೆ!

ತಟ್ಟೆ ಬಂತು. ನಾಲಿಗೆಯ ತುದಿಯ ಚರ್ಮವನ್ನು ತಾನೇ ಇಟ್ಟುಕೊಂಡು ಬಂತು. ಮಾವಿನ ಸಿಪ್ಪೆಯನ್ನು ನಾನು ಸುಲಿದಿದ್ದೆ, ನನ್ನದನ್ನು ಮಾವು ಸುಲಿಯಿತು. ಲೆಕ್ಕ ಚುಕ್ತಾ. ಬಾಗಿಲಲ್ಲಿ ನಿಂತಿದ್ದವನು ಪಕ್ಕದ ಮನೆಯ ನಲ್ಲಿ ರಿಪೇರಿಗೆ ಬಂದು ಮನೆ ತಪ್ಪಿದವನು.

ಮಧ್ಯಾಹ್ನ ಕಚೇರಿಯಲ್ಲಿ ನಾಲಿಗೆ ಬಾಯಿ ತುಂಬ ಊದಿಕೊಂಡು ಕೂತಿತ್ತು. ನನ್ನ ಹೆಸರು ಕೂಗಿದ ಕೂಡಲೇ ಸಭಿಕರು ಅನುಭವಸ್ಥರಂತೆ ಬೆನ್ನಿಗೆ ಗೋಡೆ ಹುಡುಕಿಕೊಂಡರು. ದೊಡ್ಡವರು ತಾವೇ ಎದ್ದು, ಹೊಗೆಯಾಡುವ ಕಾಫಿ ಲೋಟವನ್ನು ನನ್ನ ಕೈಗಿಟ್ಟು, "ಗಂಟಲು ನೆನೆಸ್ಕೊಳ್ಳಿ, ನೀವು ತುಂಬಾ ಹೊತ್ತು ಮಾತಾಡೋರು," ಎಂದರು. ಬೇಡವೆನ್ನಲು ನಾಲಿಗೆ ಬೇಕಲ್ಲ! ಒಂದು ಗುಟುಕು ಕುಡಿದೆ.

ಬೆಂಕಿ! ಕಣ್ಣಿಂದ ಧಾರಾಕಾರ ನೀರು. ಮೈಕು ಹಿಡಿದು "ಥಾರ್..." ಎಂದೆ. ಮುಂದೆ ಹೊರಡಲಿಲ್ಲ. "ನೀವು..." ಎಂದೆ. ಉರಿ ನೆತ್ತಿಗೇರಿತು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕುಸಿದು ಕೂತೆ.

ಎಲ್ಲೋ ಯಾರದೋ ಮೂಗು ಸೊರಸೊರ ಎಂದಿತು. ಕ್ಯಾಷಿಯರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ದೊಡ್ಡವರನ್ನು ಕಂಡರೆ ಆಗದ ಗೋದಾಮಿನವನು ಕೂಡ ಬಿಕ್ಕಿದ.

ದೊಡ್ಡವರು ಎದ್ದರು. "ಮೇಲಿನೋರು ಇನ್ನೆರಡು ವರ್ಷ ಇರಿ ಅಂತ ಪೀಡಿಸ್ತಾನೇ ಇದ್ರು. ನಾನು ಇಲ್ಲಿ ಯಾರಿಗೆ ಬೇಕಾಗಿದೀನಿ ಅಂತ ಒಪ್ಪಿರಲಿಲ್ಲ. ಇವತ್ತು ಈ ಮನುಷ್ಯನಿಗೆ ಮಾತೇ ಹೊರಡದೇ ಇರೋದು ನೋಡಿದೆ. ಇವರನ್ನ ಬಿಟ್ಟು ಹೇಗ್ರೀ ಹೋಗಲಿ? ಹೋಗಲ್ಲ! ಎಲ್ಲೂ ಹೋಗಲ್ಲ!"

ಚಪ್ಪಾಳೆಯೋ ಚಪ್ಪಾಳೆ! "ಬೇಡಾ ಥಾರ್!" ಎಂದು ಚೀರಿದೆ. ಆ ಗದ್ದಲದಲ್ಲಿ ಅದು ಇನ್ನೊಂದು ಬಿಕ್ಕಳಿಕೆಯಂತೆ ಕೇಳಿಸಿರಬೇಕು. ದೊಡ್ಡವರು ನನ್ನನ್ನು ಬಾಚಿ ತಬ್ಬಿಕೊಂಡು, "ಅಳಬೇಡಿ, ನಾನಿದೀನಲ್ಲ," ಎಂದು ಬೆನ್ನು ಸವರಿದರು.

ಮನೆಗೆ ಬಂದು ತೊದಲುತ್ತಾ ಎಲ್ಲವನ್ನೂ ಹೆಂಡತಿಗೆ ಒಪ್ಪಿಸಿದೆ. "ಒಂದೇ ಒಂದು ಮಾಥೂ ಆಡಲಿಲ್ಲ ಕಣೇ. ಆದ್ರೂ ಹೀಗಾಯ್ಥು!"

ಅವಳು ಗಂಭೀರವಾಗಿ ತಲೆಯಾಡಿಸಿದಳು.

"ಎಡವಿದ್ದು ಅಲ್ಲೇ. ನೀವು ಭಾಷಣ ಮಾಡಿದ್ದಿದ್ರೆ, ಪಾಪ, ಅವರು ಅರ್ಧಕ್ಕೇ ಎದ್ದು ನಿವೃತ್ತಿ ತಗೊಂಡು ಓಡಿಹೋಗ್ತಿದ್ರು!"